ನಾರ್ವಾಲ್ ಎದೆ ಓದಿದ ಬಾಯಮ್ಮ

ಹೋದ ತಿಂಗಳು ಕುವೈತಿನಲ್ಲಿ ನಾನು ಹಿಂದಿನಿಂದಲೂ ಹೋಗುವ ಒಂದು ಆಸ್ಪತ್ರೆಯ ಇ.ಸಿ.ಜಿ. ಕೋಣೆಗೆ ಹೊಸ ಯಂತ್ರ ಕೂರಿಸಲು ಹೋಗಿದ್ದೆ. ಈಗಿನ ಯಂತ್ರಗಳು ಬಲು ಜಾಣ. ಎದೆಗೆ ವಯರು ಅಂಟಿಸಿ ಗುಂಡಿ ಒತ್ತಿದರೆ ಹೃದಯದ ಗೆರೆಯನ್ನೂ ಬರೆದು, ಕಾಯಿಲೆ ಏನೆಂಬುದನ್ನೂ ಕೆಳಗೆ ಅಚ್ಚು ಹಾಕಿ ಕೊಡುತ್ತವೆ. ಅಲ್ಲಿ ಹೊಸದಾಗಿ ಸೇರಿದ ಹುಡುಗಿ ‘ವೆರಿ ಗುಡ್ ಮಿಷನ್ ಸರ್’ ಎಂದಳು, ನಾನು ತೋರಿಸಿದ ಕಡೆ ಸಹಿ ಹಾಕಿದಳು. ಒಂದು ತಕರಾರಿಲ್ಲ, ಒಂದು ಜಗಳವಿಲ್ಲ. ಲಿಫ್ಟಿನ ಹತ್ತಿರ ಬಂದು ನಿಂತಾಗ ಏನೋ ಕೆಲಸ ಬಾಕಿ ಉಳಿದ ಹಾಗೆ ಅನ್ನಿಸಿತು. ಆಮೇಲೆ ಗೊತ್ತಾಯಿತು, ನಾನು ಬೈಸಿಕೊಂಡಿರಲಿಲ್ಲ.

ಆ ಕೋಣೆಯಲ್ಲಿ ನನ್ನನ್ನು ಬೈಯುತ್ತಿದ್ದವರು ಬಾಯಮ್ಮ. ನಮ್ಮ ಮಂಗಳೂರು ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಹಾಗೆ ಕರೆಯುತ್ತೇವೆ. ಕುವೈತಿಗೆ ಬಂದ ಹೊಸತರಲ್ಲಿ ನಾನು ಅಭ್ಯಾಸಬಲದಿಂದ ಹಾಗೆ ಕರೆದೆ. ಅವರು ಕತ್ತೆತ್ತಿ ನೋಡಿ, “ಎಲ್ಲಿ? ಕಾರ್ಕಳವಾ, ಮೂಡಬಿದ್ರೆಯಾ?” ಎಂದು ಕೇಳಿದರು. ಕಾರ್ಕಳ ಎಂದೆ. “ಹಾಗಾದ್ರೆ ಸುಳ್ಳು ಹೇಳುದಿಲ್ಲ ಅಂತ ಇಟ್ಕೊಳ್ತೇನೆ. ಈ ಮಿಷನಿಗೆ ಎಂತ ಆಗಿದೆ ಹೇಳಿ” ಎಂದರು. ಯಂತ್ರಕ್ಕೆ ಏನೂ ಆಗಿಲ್ಲ ಎಂದೆ. ನಮ್ಮ ಸ್ನೇಹ ಶುರುವಾದದ್ದೇ ಆ ಜಗಳದಿಂದ. ನಾನು ಶುವೈಖಿನ ಒಂದು ವರ್ಕ್‌ಶಾಪಿನಿಂದ ಆಸ್ಪತ್ರೆಗಳಿಗೆ ಹೋಗಿ ಯಂತ್ರ ರಿಪೇರಿ ಮಾಡುವವನು. ನನ್ನ ಹೊಟ್ಟೆಪಾಡು ಯಂತ್ರವನ್ನು ವಹಿಸಿಕೊಂಡು ಮಾತಾಡುವುದು. ಅವರದ್ದು ಯಂತ್ರವನ್ನು ನಂಬದೇ ಇರುವುದು.

ಅವರ ಕೆಲಸ ನೋಡುವುದೇ ಒಂದು ಚಂದ. ಎದೆಗೆ ಅಂಟಿಸುವ ತಣ್ಣನೆಯ ಬಿಲ್ಲೆಗಳನ್ನು ಮೊದಲು ತಮ್ಮ ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡುತ್ತಿದ್ದರು. ಕುವೈತಿ ಅಜ್ಜಿಯರು ಕಪ್ಪು ಅಬಾಯಾದೊಳಗೆ ಮುದುಡಿ ಕೂತರೆ ಮುರುಕು ಅರಬ್ಬಿಯಲ್ಲಿ ಸೊಸೆಯ ಸುದ್ದಿ ತೆಗೆಯುತ್ತಿದ್ದರು. ಸೊಸೆಯನ್ನು ದೂರುವ ಹುರುಪಿನಲ್ಲಿ ಅಜ್ಜಿ ಹೆದರಿಕೆ ಮರೆತಿರುವಾಗ ಇಲ್ಲಿ ಗೆರೆ ಬಂದು ಮುಗಿದಿರುತ್ತಿತ್ತು. “ಖಲಾಸ್, ಯಲ್ಲಾ” (ಮುಗೀತು, ಏಳಿ) ಎಂದು ಕಾಗದವನ್ನು ಒಂದೇ ಎಳೆತಕ್ಕೆ ಹರಿಯುತ್ತಿದ್ದರು. ಆ ಪಟ್ಟಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಸರಿಸುತ್ತಾ ಓದುವಾಗ ಯಾರೂ ಮಾತಾಡಕೂಡದು. ಗೆರೆ ಸರಿ ಇಲ್ಲದಿದ್ದರೆ ಮೊದಲು ಹೇಳುವ ಮಾತು, “ವಯರು ಬಿಟ್ಟಿದೆ.” ನೂರರಲ್ಲಿ ತೊಂಬತ್ತು ಸಲ ವಯರು ಬಿಟ್ಟೇ ಇರುತ್ತಿತ್ತು. ಹೃದ್ರೋಗ ತಜ್ಞರು ಕೂಡ ಅವರು ಹರಿದು ಬಿಸಾಡಿದ ಕಾಗದವನ್ನು ಬುಟ್ಟಿಯಿಂದ ಎತ್ತಿ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ.

ಅಷ್ಟು ಸರಿಯಾಗಿರುವುದರಲ್ಲಿ ಒಂದು ತೊಂದರೆ ಇದೆ. ಕೆಲಸದಲ್ಲಿ ಸರಿಯಾಗಿದ್ದವರು ಉಳಿದದ್ದರಲ್ಲೂ ತಾವೇ ಸರಿ ಎಂದುಕೊಳ್ಳುತ್ತಾರೆ. ಒಮ್ಮೆ ನನ್ನನ್ನು ಕಾರಿನಲ್ಲಿ ತಮ್ಮ ಮನೆಯಿರುವ ಫರ್ವಾನಿಯಾಕ್ಕೆ ಬಿಡುತ್ತೇನೆಂದು ಹೊರಟವರು ದಾರಿ ತಪ್ಪಿ ರಾಯ್ ಎಂಬ ಬಡಾವಣೆಯ ಫರ್ನಿಚರ್ ಅಂಗಡಿಗಳ ನಡುವೆ ಸಿಕ್ಕಿಹಾಕಿಕೊಂಡರು. ಒಂದೇ ಸೋಫಾ ಶೋರೂಮಿನ ಎದುರು ಮತ್ತೆ ಮತ್ತೆ ಹಾದು ಹೋದೆವು. ನಾನು ಮೆಲ್ಲಗೆ, “ಬಾಯಮ್ಮ, ಹಿಂದೆಯೇ ತಿರುಗಬೇಕಿತ್ತೋ ಏನೋ” ಎಂದೆ. “ನಾನು ಸರಿಯಾಗೇ ಬಂದಿದ್ದೇನೆ. ರಸ್ತೆಯನ್ನು ಅವರು ಬದಲಿಸಿದ್ದಾರೆ” ಎಂದರು. ಕುವೈತಿನಲ್ಲಿ ರಸ್ತೆ ಬದಲಿಸುವುದೂ ನಿಜವಾದ್ದರಿಂದ ಎದುರು ಮಾತಾಡಲು ನನಗೆ ಆಧಾರ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಎದುರು ಹೇಳುವವರೂ ಇರಲಿಲ್ಲ. ಆತ ಇದ್ದಾಗಲೂ ಹೇಳುತ್ತಿರಲಿಲ್ಲ ಎಂದು ಕೇಳಿದ್ದೇನೆ.

ಅವರಿಗೆ ಒಬ್ಬಳೇ ಮಗಳು. ಕುವೈತಿನಲ್ಲೇ ಓದಿ ಬೆಳೆದವಳು. ತಾಯಿ ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪೈಕಿ. ಡಾಕ್ಟರಾಗುತ್ತಾಳೆ ಎಂದು ಬಾಯಮ್ಮ ನಂಬಿದ್ದರು. ಅವಳು ಕೆನಡಾಕ್ಕೆ ಹೋಗಿ ಸಮುದ್ರದ ಪ್ರಾಣಿಗಳ ಸಂಶೋಧನೆಗೆ ಸೇರಿಕೊಂಡಳು. ಕೆಲವು ವರ್ಷ ಇವರು ಆ ವಿಷಯವನ್ನೇ ಎತ್ತುತ್ತಿರಲಿಲ್ಲ. ಯಾರಾದರೂ ಕೇಳಿದರೆ, “ಅವಳು ಅಲ್ಲಿ ಮೀನು ನೋಡ್ತಾಳೆ. ಮೀನು ನೋಡ್ಲಿಕ್ಕೆ ಮಲ್ಪೆಗೆ ಹೋದ್ರೆ ಸಾಕಿತ್ತು” ಎನ್ನುತ್ತಿದ್ದರು. ವಾರಕ್ಕೊಮ್ಮೆ ಕಂಪ್ಯೂಟರಿನಲ್ಲಿ ಮಾತು. ಊಟ ಆಯ್ತಾ, ಚಳಿ ಹೇಗುಂಟು, ಸ್ವೆಟರ್ ಹಾಕಿದ್ಯಾ. ಅದು ಮುಗಿದ ಮೇಲೆ ಇಬ್ಬರಿಗೂ ಮಾತಿರುತ್ತಿರಲಿಲ್ಲ.

ಅದು ಬದಲಾದದ್ದು ನಾರ್ವಾಲ್‌ನಿಂದ. ಉತ್ತರದ ಹಿಮದ ಸಮುದ್ರದಲ್ಲಿರುವ ತಿಮಿಂಗಿಲದ ಜಾತಿ ಅದು. ಗಂಡಿಗೆ ಒಂದು ಹಲ್ಲು ಮೇಲಿನ ತುಟಿಯನ್ನು ಸೀಳಿಕೊಂಡು ಈಟಿಯ ಹಾಗೆ ಮುಂದಕ್ಕೆ ಬೆಳೆಯುತ್ತದೆ, ಅದೂ ಹಗ್ಗ ಹೊಸೆದ ಹಾಗೆ ಸುರುಳಿ ಸುರುಳಿಯಾಗಿ. ಮಗಳು ಕಳಿಸಿದ ಫೋಟೋವನ್ನು ಬಾಯಮ್ಮ ಫ್ರಿಜ್ಜಿಗೆ ಅಂಟಿಸಿದ್ದರು. “ಎಷ್ಟು ಪಾಪದ ಮುಖ ನೋಡಿ. ಸಣ್ಣದಿರುವಾಗಲೇ ಹಲ್ಲಿಗೆ ಕ್ಲಿಪ್ ಹಾಕಿಸ್ಬೇಕಿತ್ತು” ಎಂದು ನನಗೆ ತೋರಿಸಿದರು. ಹೊರಗೆ ಬಿಸಿಲು ಕಾದ ಕಾವಲಿಯಾಗಿತ್ತು, ಏಸಿ ಏದುಸಿರು ಬಿಡುತ್ತಿತ್ತು. ಆ ಪ್ರಾಣಿ ಮಂಜುಗಡ್ಡೆಯ ನಡುವೆ ತಲೆಯೆತ್ತಿ ಫರ್ವಾನಿಯಾದ ಅಡುಗೆಮನೆಯನ್ನು ನೋಡುತ್ತಿತ್ತು.

ಮಗಳ ಗುಂಪು ಹುಡುಕುತ್ತಿದ್ದದ್ದು ಇಷ್ಟು: ಈ ಪ್ರಾಣಿ ಹೆದರಿದಾಗ ಅದರ ಹೃದಯ ಏನು ಮಾಡುತ್ತದೆ? ಹಿಂದೆ ಆ ಸಮುದ್ರಕ್ಕೆ ಹಿಮದ ಬೀಗ ಇತ್ತು. ಈಗ ಹಿಮ ಕರಗಿ ಹಡಗುಗಳು ಬರುತ್ತಿವೆ, ಸದ್ದು ಬರುತ್ತಿದೆ. ಬೇಸಿಗೆಯ ಕೆಲವೇ ವಾರಗಳಲ್ಲಿ, ಅಲ್ಲಿನ ಬೇಟೆಗಾರರ ನೆರವಿನಿಂದ, ಬಲೆಗೆ ಸಿಕ್ಕ ಒಂದೆರಡು ನಾರ್ವಾಲ್‌ಗಳ ಬೆನ್ನಿಗೆ ಗಾಳಿ ಹೀರಿ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲುಗಳಿಂದ ಒಂದು ಪೆಟ್ಟಿಗೆ ಅಂಟಿಸಿ ಬಿಡುತ್ತಾರೆ. ಬ್ಯಾಟರಿಯಿಂದ ನಡೆಯುವ ಆ ಪೆಟ್ಟಿಗೆ ಎದೆಬಡಿತವನ್ನೂ ಬಾಲದ ಹೊಡೆತವನ್ನೂ ಬರೆದುಕೊಂಡು, ಒಂದೆರಡು ದಿನದಲ್ಲಿ ತಾನೇ ಕಳಚಿ ತೇಲಿ ಬರುತ್ತದೆ. ಮಗಳ ಕೈಗೆ ಗೆರೆ ಸಿಕ್ಕಿತು, ಓದಲು ಬರಲಿಲ್ಲ. ಬಾಲದ ಹೊಡೆತವನ್ನೂ ಬಡಿತವೆಂದು ಎಣಿಸಿ ಕಂಪ್ಯೂಟರಿನ ಲೆಕ್ಕ ಹಾಳಾಗಿತ್ತು. ಆಗ ಅವಳಿಗೆ ಅಮ್ಮನ ನೆನಪಾಯಿತು.

ಆ ವರ್ಷ ಬಾಯಮ್ಮನ ನಡಿಗೆಯೇ ಬೇರೆಯಾಯಿತು. ಮಗಳು ಗೆರೆಗಳನ್ನು ಕಳಿಸುವುದು, ನಾನು ವರ್ಕ್‌ಶಾಪಿನ ದೊಡ್ಡ ಪ್ರಿಂಟರಿನಲ್ಲಿ ಅವನ್ನು ಉದ್ದುದ್ದ ಹಾಳೆಗೆ ಇಳಿಸಿ ತಂದುಕೊಡುವುದು, ಇವರು ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಬಂದು ಊಟದ ಮೇಜಿನ ಮೇಲೆ ಹರಡಿಕೊಂಡು ಕೂರುವುದು. ವಾರದ ರಜೆ ಶುಕ್ರವಾರವೇ ಆದ್ದರಿಂದ ಇಲ್ಲಿ ಇಗರ್ಜಿಗೆ ಜನ ಸೇರುವುದೂ ಅಂದೇ. ಸಂಜೆ ಮಗಳ ಕರೆ. ಈಗ ಸ್ವೆಟರಿನ ಮಾತಿಲ್ಲ. “ಇಲ್ಲಿ ನೋಡು, ಇದು ಬಡಿತ ಅಲ್ಲ, ಬಾಲ ಬೀಸಿದ್ದು. ಇದು ಬಡಿತ. ಚೂಪು ನೋಡು, ಅಗಲ ನೋಡು.” ಗಂಟೆಗಟ್ಟಲೆ ನಡೆಯುತ್ತಿತ್ತು. ಒಂದು ಸಲ ಮಗಳು ಆ ಕಡೆಯಿಂದ ‘ವಾವ್ ಮಮ್ಮಿ’ ಎಂದಳು. ಇವರು ಏನೂ ಆಗದವರ ಹಾಗೆ ಕನ್ನಡಕ ಒರೆಸಿದರು. ಅಷ್ಟು ಒರೆಸುವ ಧೂಳು ಅದರಲ್ಲಿ ಇರಲಿಲ್ಲ. ನನಗೆ ನಿಜವಾಗಿ ಖುಷಿಯಾಯಿತು.

ತೊಡಕು ಇದ್ದದ್ದು ಒಂದೇ ಜಾಗದಲ್ಲಿ. ಬಲೆಯಿಂದ ಬಿಟ್ಟ ಕೂಡಲೇ ಪ್ರಾಣಿ ಬಾಲ ಬಡಿದುಕೊಂಡು ಆಳಕ್ಕೆ ಧಾವಿಸುತ್ತದೆ. ಆ ಹೊತ್ತಿನ ಗೆರೆಯಲ್ಲಿ ಬಡಿತವೇ ಇಲ್ಲದ ಹಾಗೆ ಖಾಲಿ, ಎಲ್ಲೋ ನಿಮಿಷಕ್ಕೆ ಮೂರೋ ನಾಲ್ಕೋ. ಗೆರೆ ಕೂಡ ತೆಳ್ಳಗಿಲ್ಲ, ಉಣ್ಣೆಯ ನೂಲಿನ ಹಾಗೆ ರೋಮ ರೋಮ. ಬಾಯಮ್ಮ ಒಂದೇ ನೋಟಕ್ಕೆ ತೀರ್ಪು ಕೊಟ್ಟರು. “ವಯರು ಬಿಟ್ಟಿದೆ. ಓಡುವ ಪ್ರಾಣಿಗೆ ಹೃದಯ ಹೆಚ್ಚು ಬಡಿಯಬೇಕು, ಕಡಿಮೆ ಅಲ್ಲ. ಈ ರೋಮ ಉಂಟಲ್ಲ, ಇದು ಸಡಿಲ ವಯರು ಕರೆಂಟಿನ ಗುಂಯ್‌ಗುಡುವಿಕೆ ಹಿಡಿದದ್ದು. ಇಡೀ ತುಂಡು ತೆಗೆದು ಬಿಸಾಡು.” ಮಗಳು ಒಂದೆರಡು ಸಲ ಅನುಮಾನದಿಂದ ಕೇಳಿದಳು. ಇವರು ಪಟ್ಟು ಬಿಡಲಿಲ್ಲ. “ನಾನು ಇದನ್ನು ದಿನಾ ನೋಡ್ತೇನೆ” ಎಂದರು.

ಆಸ್ಪತ್ರೆಯಲ್ಲಿ ಕೆಲಸ ಮಾಡದವರಿಗೆ ಒಂದು ಮಾತು ಹೇಳಬೇಕು. ಎದೆಯಿಂದ ವಯರು ಸಡಿಲವಾದರೆ ಅದು ಸುಮ್ಮನಿರುವುದಿಲ್ಲ. ಗೋಡೆಯೊಳಗಿನ ತಂತಿ, ಫ್ರಿಜ್ಜು, ಟ್ಯೂಬ್‌ಲೈಟು, ಎಲ್ಲದರ ಕರೆಂಟನ್ನೂ ಮೆಲ್ಲಗೆ ಹೀರಿಕೊಂಡು ಗೆರೆಯನ್ನು ಮಂಜು ಮಾಡುತ್ತದೆ. ಆ ರೋಮ ಕಂಡರೆ ವಯರು ನೋಡು ಎಂಬುದು ಈ ಕಸುಬಿನಲ್ಲಿ ಮೊದಲ ಪಾಠ. ಬಾಯಮ್ಮ ಎಷ್ಟೋ ಜನಕ್ಕೆ ಅದನ್ನು ಕಿವಿ ಹಿಂಡಿ ಕಲಿಸಿದ್ದರು.

ಕೆಲವು ವಾರ ಕಳೆದವು. ಒಂದು ಗುರುವಾರ ಅವರ ಕೋಣೆಯಿಂದ ನನಗೆ ಕರೆ ಬಂತು. ಬೆಳಗಿನಿಂದ ಯಾವ ರೋಗಿಯ ಗೆರೆಯೂ ತೆಳ್ಳಗೆ ಬರುತ್ತಿಲ್ಲ, ಎಲ್ಲವೂ ರೋಮ. ಹೋದ ಕೂಡಲೇ, “ನಿಮ್ಮ ಮಿಷನಿಗೆ ವಯಸ್ಸಾಯ್ತು. ಒಪ್ಕೊಳ್ಳಿ” ಎಂದರು.

“ಮಿಷನ್ ಸರಿ ಉಂಟು ಬಾಯಮ್ಮ. ನಿಮ್ಮ ಕಟ್ಟಡದ ಅರ್ಥಿಂಗ್ ಸರಿ ಇಲ್ಲ.”

“ಪ್ರತಿ ಸಲ ಕಟ್ಟಡದ ತಲೆಗೆ ಕಟ್ತೀರಿ.”

ನನಗೂ ಅವತ್ತು ಹಟ ಬಂತು. ಮಂಚದ ಮೇಲೆ ನಾನೇ ಮಲಗಿ, ನನ್ನ ಎದೆಗೇ ಬಿಲ್ಲೆ ಅಂಟಿಸಿಕೊಂಡೆ. ಯಂತ್ರವನ್ನು ಬ್ಯಾಟರಿಗೆ ಹಾಕಿ, ಅವರ ಕೈಯಲ್ಲೇ ಕೋಣೆಯ ಪ್ಲಗ್‌ಗಳನ್ನು ಒಂದೊಂದಾಗಿ ಕೀಳಿಸಿದೆ. ಮಂಚದ ಮೋಟಾರು, ಔಷಧಿಯ ಫ್ರಿಜ್ಜು, ಯಾರದೋ ಫೋನಿನ ಚಾರ್ಜರು, ಕೊನೆಗೆ ದೀಪ. ಕಿಟಕಿಯ ಬೆಳಕಿನಲ್ಲಿ ಗೆರೆ ಸೂಜಿಯ ಹಾಗೆ ತೆಳ್ಳಗಾಯಿತು. ನಾನು ಗೆದ್ದವನ ಗತ್ತಿನಲ್ಲಿ ಕೈ ಬೀಸಿ, “ನೋಡಿದಿರಾ!” ಎಂದೆ. ಕೈ ಬೀಸಿದ್ದರಿಂದ ಗೆರೆಗೆ ಮತ್ತೆ ರೋಮ ಬಂತು.

“ಹಂದಾಡ್ಬೇಡಿ” ಎಂದು ಅಭ್ಯಾಸದಂತೆ ಗದರಿದವರು ಅಲ್ಲಿಗೇ ನಿಂತುಬಿಟ್ಟರು. ಕೈಯಲ್ಲಿ ಫ್ರಿಜ್ಜಿನ ವಯರು ಹಾಗೇ ಇತ್ತು. “ಈಗ ಕರೆಂಟ್ ಇಲ್ಲ ಅಲ್ವಾ? ಮತ್ತೆ ಈ ರೋಮ ಎಲ್ಲಿಂದ?”

“ನನ್ನ ತೋಳಿನಿಂದ ಬಾಯಮ್ಮ. ಮಾಂಸ ಬಿಗಿದರೆ ಅದೂ ಗೆರೆಗೆ ಬರ್ತದಲ್ಲ. ನಿಮಗೆ ಗೊತ್ತಿಲ್ಲದ್ದಾ?”

“ಗೊತ್ತುಂಟು. ವಯರು ಬಿಟ್ಟಿದ್ರೆ ಅದು ಬರ್ತದಾ?”

“ಬಿಟ್ಟಿದ್ರೆ ಹೇಗೆ ಬರ್ತದೆ? ಮೈಗೆ ಅಂಟಿಕೊಂಡಿದ್ದರೆ ತಾನೇ ಮೈಯ ಸುದ್ದಿ.”

ಅವರು ಸ್ಟೂಲಿನ ಮೇಲೆ ಕೂತರು. ಮುಖ ನೋಡಿ, ಏನೋ ಆಯಿತು, ಡಾಕ್ಟರನ್ನು ಕರೆಯಲೇ ಎಂದು ಎದ್ದೆ, ವಯರುಗಳು ಎಳೆದುಕೊಂಡವು. ಅವರು ಬೇಡವೆಂದು ಕೈ ಮಾಡಿದರು. “ಇಂಜಿನಿಯರ್ರೇ, ಆ ಹಿಮದ ಸಮುದ್ರದಲ್ಲಿ ಪ್ಲಗ್ ಎಲ್ಲುಂಟು ಮಾರಾಯ್ರೇ? ಕರೆಂಟ್ ಎಲ್ಲುಂಟು?”

ಅವತ್ತು ಸಂಜೆಯೇ ಶುವೈಖಿಗೆ ಬಂದು, ಆ ತುಂಡಿನ ಗೆರೆಯನ್ನು ಎಳೆದು ಅಗಲ ಮಾಡಿ ಅಚ್ಚು ಹಾಕಿಸಿಕೊಂಡರು. ಮೊದಲು ಬಂದದ್ದು ಒತ್ತೊತ್ತಾಗಿ ಕೂತ ಗೆರೆ, ಅದರಲ್ಲಿ ರೋಮ ಎಲ್ಲ ಒಂದೇ ಹಾಗೆ ಕಾಣುತ್ತಿತ್ತು. ಅಗಲ ಮಾಡಿದಾಗ ಕರೆಂಟು ಮೂಡಿಸುವ ಗರಗಸದಂಥ ಸಮನಾದ ಹಲ್ಲು ಅಲ್ಲಿರಲಿಲ್ಲ. ಅಡ್ಡಾದಿಡ್ಡಿ ನಡುಕ ಇತ್ತು, ಬಾಲದ ಪ್ರತಿ ಹೊಡೆತಕ್ಕೂ ಉಬ್ಬಿ ಇಳಿಯುತ್ತಿತ್ತು. ಆ ನಡುಕದ ನಡುವೆ ಬಹಳ ಹೊತ್ತಿಗೊಂದು ಬಡಿತ, ಅಚ್ಚುಕಟ್ಟಾಗಿ, ಚೂಪಾಗಿ. ವಯರು ಬಿಟ್ಟಿರಲೇ ಇಲ್ಲ. ಮೈಯ ಮಾಂಸವೆಲ್ಲ ಪ್ರಾಣಭಯದಲ್ಲಿ ದುಡಿಯುತ್ತಿದೆ, ಹೃದಯ ಮಾತ್ರ ಹೆಚ್ಚುಕಡಿಮೆ ನಿಂತಿದೆ. ಮನುಷ್ಯನಿಗೆ ಹಾಗಾದರೆ ಅವನು ನೆಲಕ್ಕೆ ಬೀಳುತ್ತಾನೆ. ಈ ಪ್ರಾಣಿ ಹಾಗೆಯೇ ಓಡುತ್ತದೆ. ಮಗಳು ಹುಡುಕುತ್ತಿದ್ದ ಉತ್ತರ ಅದೇ. ಬಿಸಾಡು ಎಂದು ಅಮ್ಮ ಹೇಳಿದ್ದೂ ಅದನ್ನೇ.

ವರ್ಕ್‌ಶಾಪಿನಲ್ಲಿ ಸದ್ದಿಗೆ ಮಾತು ಕೇಳುತ್ತಿರಲಿಲ್ಲ, ಹೊರಗೆ ಬಂದು ಅವರ ಕಾರಿನ ಪಕ್ಕ ನಿಂತೆವು. ನಾನು ಇರಾಕ್ ನುಗ್ಗಿದ ತೊಂಬತ್ತರ ಯುದ್ಧದ ಮಾತು ತೆಗೆದೆ. ಆಗ ಅವರು ಎರಡು ವರ್ಷದ ಮಗಳನ್ನು ಎತ್ತಿಕೊಂಡು ಮರುಭೂಮಿ ದಾಟಿ ಹೋದದ್ದು ನನಗೆ ಗೊತ್ತಿತ್ತು. “ನಿಮಗೂ ಆವಾಗ ಹೀಗೇ ಆಗಿರಬೇಕು ಅಲ್ವಾ, ಎದೆ ನಿಂತ ಹಾಗೆ?” ಎಂದು ಭಾವುಕನಾಗಿ ಕೇಳಿದೆ.

“ಎಂತದೂ ಇಲ್ಲ” ಎಂದರು. “ನನ್ನದು ಡಬಡಬ ಬಡೀತಾ ಇತ್ತು. ಅದಕ್ಕೇ ಓಡುವವರದ್ದು ಬಡೀಲೇಬೇಕು ಅಂತ ಇವಳ ಹತ್ರ ಹೇಳಿದ್ದು. ನನ್ನ ಎದೆಯ ಲೆಕ್ಕ ಅದಕ್ಕೆ ಹಾಕಿದೆ, ಅದೇ ತಪ್ಪಾದ್ದು. ನೀವೂ ಈಗ ಅದನ್ನೇ ಮಾಡ್ಬೇಡಿ.”

ಅವರು ಕಾರಿನ ಬಾಗಿಲು ತೆಗೆದು, ಹತ್ತದೆ ನನ್ನ ಕಡೆ ತಿರುಗಿದರು. “ಅವಳಿಗೆ ಹೇಳ್ಬೇಕು. ಹೇಳಿದ್ರೆ ಮತ್ತೆ ಯಾಕೆ ನನ್ನನ್ನು ಕೇಳ್ತಾಳೆ? ಅಲ್ಲಿ ದೊಡ್ಡ ದೊಡ್ಡ ಜನ ಇದ್ದಾರೆ. ಪುನಃ ಊಟ ಆಯ್ತಾ, ಸ್ವೆಟರ್ ಹಾಕಿದ್ಯಾ, ಅಷ್ಟೇ.” ಆ ಧ್ವನಿಯನ್ನು ನಾನು ಅವರಲ್ಲಿ ಮೊದಲು ಕೇಳಿರಲಿಲ್ಲ. ಹೇಳದೆ ಬಿಟ್ಟರೂ ಯಾರಿಗೂ ತಿಳಿಯುತ್ತಿರಲಿಲ್ಲ. ನಾನಂತೂ ಬಾಯಿ ಬಿಡುವವನಲ್ಲ. ಅದು ಅವರಿಗೂ ಗೊತ್ತಿತ್ತು.

ಮುಂದೆ ಆ ತುಂಡು ಗೆರೆಯೇ ಮಗಳ ಪ್ರಬಂಧದ ಜೀವಾಳವಾಯಿತು, ಅವಳಿಗೆ ಡಾಕ್ಟರೇಟೂ ಸಿಕ್ಕಿತು. ಬಾಯಮ್ಮ ಕೆಲಸ ಬಿಡುವವರೆಗೂ ಅವಳ ಗೆರೆಗಳು ಫರ್ವಾನಿಯಾಕ್ಕೆ ಬರುತ್ತಲೇ ಇದ್ದವು. ಆದರೆ ಮರುದಿನದ ಆ ಶುಕ್ರವಾರ ಇದು ಯಾವುದೂ ನಮಗೆ ಗೊತ್ತಿರಲಿಲ್ಲ. ಕರೆಂಟಿನ ವಿಷಯ ಮಗಳು ಏನಾದರೂ ಕೇಳಿದರೆ ಹೇಳಲು ನಾನು ಇರಲಿ ಎಂದು ನನ್ನನ್ನು ಸಂಜೆ ಮನೆಗೆ ಕರೆದಿದ್ದರು. ಚಹಾ ಮಾಡಿಟ್ಟು, ಪೂಜೆಗೆ ಉಟ್ಟ ಸೀರೆಯಲ್ಲೇ ಕಂಪ್ಯೂಟರಿನ ಮುಂದೆ ಕೂತಿದ್ದರು. ಮಗಳ ಮುಖ ಬಂತು. ಊಟದ ಮಾತು, ಚಳಿಯ ಮಾತು ಏನೂ ಇಲ್ಲ. ನೇರವಾಗಿ ಕೊಂಕಣಿಯಲ್ಲಿ, “ನಾನು ಹೇಳಿದ್ದು ತಪ್ಪು. ವಯರು ಬಿಟ್ಟಿಲ್ಲ. ಆ ಬಡಿತ ನಿಜ” ಎಂದರು.

ಮಗಳು ಕ್ಯಾಮೆರಾದ ಹತ್ತಿರಕ್ಕೆ ಬಗ್ಗಿದಳು.

“ಮಮ್ಮಿ, ಬಟ್ ಐ ಟೋಲ್ಡ್ ದೆಮ್” ಎಂದಳು. ಆಮೇಲೆ ಅವಳು ಇಂಗ್ಲಿಷಿನಲ್ಲಿ ಬಡಬಡನೆ ಹೇಳಿದ್ದರ ಅರ್ಥ ಇಷ್ಟು. ಹಿಂದಿನ ದಿನ ಅವಳ ಸಂಶೋಧನೆಯ ಪರಿಶೀಲನೆ ಇತ್ತು. ಬಿಡುಗಡೆಯ ಹೊತ್ತಿನ ಗೆರೆಯನ್ನು ಯಾಕೆ ಕೈಬಿಟ್ಟೆ ಎಂದು ಪ್ರೊಫೆಸರ್‌ಗಳು ಪಟ್ಟಾಗಿ ಕೇಳಿದರು. ಅದು ನಿಜವಾದ ಬಡಿತ ಇರಬಹುದಲ್ಲವೇ ಎಂದರು. ಇವಳು ಎದ್ದು ನಿಂತು ಹೇಳಿದಳಂತೆ: ನನ್ನ ತಾಯಿ ಕುವೈತಿನ ಆಸ್ಪತ್ರೆಯಲ್ಲಿ ನಾನು ಹುಟ್ಟುವ ಮೊದಲಿನಿಂದ ಹೃದಯದ ಗೆರೆ ಓದುತ್ತಿದ್ದಾರೆ, ಈ ಕೋಣೆಯಲ್ಲಿರುವ ಯಾರಿಗಿಂತಲೂ ಚೆನ್ನಾಗಿ ಓದುತ್ತಾರೆ, ಅವರು ವಯರು ಬಿಟ್ಟಿದೆ ಎಂದರೆ ಬಿಟ್ಟಿದೆ. ಪ್ರೊಫೆಸರ್‌ಗಳು ಅದನ್ನೇ ಬರೆದುಕೊಂಡರಂತೆ.

ಬಾಯಮ್ಮ ಒಂದು ಕ್ಷಣ ಪರದೆಯನ್ನು ಮುಟ್ಟಿದರು. ಮತ್ತೆ ಕೈ ಹಿಂದಕ್ಕೆ ತೆಗೆದರು.

“ಹೋಗಿ ಹೇಳು, ಅಮ್ಮ ತಪ್ಪು ಓದಿದಳು ಅಂತ” ಎಂದರು.

“ಐ ಕಾಂಟ್ ಸೇ ದ್ಯಾಟ್, ಮಮ್ಮಿ. ನಾನೇ ತಪ್ಪು ಮಾಡಿದೆ ಅಂತ ಹೇಳ್ತೇನೆ.” ಕೊನೆಯ ಮಾತನ್ನು ಅವಳು ಕೊಂಕಣಿಯಲ್ಲಿ ಹೇಳಿದಳು.

“ಇಲ್ಲ. ನೀನು ಸರಿಯಾಗೇ ಕೇಳಿದ್ದೆ, ಒಂದಲ್ಲ ಎರಡು ಸಲ. ಬಿಸಾಡು ಅಂದದ್ದು ನಾನು. ನನ್ನ ಹೆಸರು ಹೇಳಿಯೇ ಹೇಳು. ಆಸ್ಪತ್ರೆಯ ಕಣ್ಣಲ್ಲಿ ಸಮುದ್ರ ನೋಡಿದಳು ಅನ್ನು, ಅವರಿಗೆ ಅರ್ಥ ಆಗ್ತದೆ. ಯಾವಾಗ ಸಿಗ್ತಾರೆ ಅವರು?”

ಸೋಮವಾರ ಎಂದಳು ಮಗಳು. ಅಳುತ್ತಿದ್ದಳು. ಅಳಬೇಡ, ಮೂಗು ಒರೆಸು ಎಂದು ಇವರು ಗದರಿ, ಅಗಲ ಮಾಡಿದ ಗೆರೆಯ ವಿವರವನ್ನೆಲ್ಲ ನಿಧಾನವಾಗಿ ಬರೆಸಿದರು. ನನ್ನನ್ನು ಅವಳು ಏನೂ ಕೇಳಲಿಲ್ಲ.

ಕಂಪ್ಯೂಟರ್ ಮುಚ್ಚಿದ ಮೇಲೆ ನಾನು ಎಲ್ಲರಿಗೂ ತಪ್ಪಾಗುತ್ತದೆ ಎಂದೋ ಏನೋ ಶುರು ಮಾಡಿದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಕನ್ನಡಕ ತೆಗೆದಿದ್ದರು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಿರಲಿಲ್ಲ. ಅದರ ಜೊತೆಗೇ ನಗುತ್ತಿದ್ದರು.

“ಕೇಳಿದ್ರಲ್ಲ? ಅಷ್ಟು ಜನರ ಎದುರು ಎದ್ದು ನಿಂತು ಹೇಳಿದಳಂತೆ.”

“ಕೇಳಿದೆ ಬಾಯಮ್ಮ.”

“ಅವರು ಸಿಗುದು ಇನ್ನು ಸೋಮವಾರವೇ ಅಲ್ವಾ?”

“ಸೋಮವಾರವೇ.”

“ಹಾಗಾದ್ರೆ ಸೋಮವಾರದವರೆಗೆ ಅಲ್ಲಿ ನಾನು ಹೇಳಿದ್ದೇ ಸರಿ” ಎಂದರು. “ಯಲ್ಲಾ, ಚಾ ಕುಡಿಯಿರಿ.”